ದೆವ್ವದ ಕುಶಲಪ್ರಶ್ನೆ

ಸಹೃದಯ ವಾಚಕ ಮಹಾಶಯರೇ, ಪರದೆಯ ಮೇಲೆ ಸತ್ತು ದೆವ್ವವಾದ ಹೆಂಡತಿಯೊಬ್ಬಳು ಗಂಡನೆದುರು ಬಾಯಿ ತೆರೆದಿದ್ದಳು; ಅವಳಿಗೆ ದನಿ ಕೊಡಬೇಕಾದ ಬುನ್‌ಲೂಆ ಮೈಕಿನ ಮುಂದೆ ಸುಮ್ಮನೆ ಕುಳಿತಿದ್ದ. ಬ್ಯಾಂಕಾಕಿನಿಂದ ದೂರದ ಈಸಾನ್ ಸೀಮೆಯ ಬಯಲು ಸಿನಿಮಾಗಳಲ್ಲಿ ಎಲ್ಲ ಪಾತ್ರಗಳ ಮಾತನ್ನೂ ಚಿತ್ರ ಓಡುವಾಗಲೇ ಅಲ್ಲೇ ಕುಳಿತು ಆಡುವುದು ಅವನ ಕಸುಬು. ಇದೇ ಚಿತ್ರಕ್ಕೆ ಒಂದು ಕಾಲದಲ್ಲಿ ಜನ ಹೆದರಿ ಒಬ್ಬರನ್ನೊಬ್ಬರು ತಬ್ಬಿಕೊಳ್ಳುತ್ತಿದ್ದರು, ಬರಬರುತ್ತಾ ನಕ್ಕರು, ಈ ಸಂಜೆ ಚಾಪೆ ಕೊಡವಿ ಏಳತೊಡಗಿದ್ದರು. ಬಯಲು ಖಾಲಿಯಾದರೆ ಈ ಊರು ಅವನನ್ನು ಮತ್ತೆ ಕರೆಯುವಂತಿರಲಿಲ್ಲ.

“ದೆವ್ವದ ಚಿತ್ರಗಳ ಹಣೆಬರಹವೇ ಇಷ್ಟು, ಮಾವ,” ಎಂದಳು ಪಕ್ಕದಲ್ಲಿದ್ದ ರತ್ತಿಕಾ. ಬ್ಯಾಂಕಾಕಿನಲ್ಲಿ ಚಿತ್ರಪ್ರಕಾರಗಳ ಬಗ್ಗೆ ಓದುತ್ತಿದ್ದ ಸೋದರಸೊಸೆ ಅವಳು. “ಮೊದಲು ಭಯ, ಆಮೇಲೆ ನಗು, ಕೊನೆಗೆ ಆಕಳಿಕೆ.”

“ಆಕಳಿಕೆ ಆದ್ಮೇಲೆ ಏನಮ್ಮಾ, ಪಂಡಿತೆ?”

“ಅಷ್ಟೊತ್ತಿಗೆ ನಮ್ಮ ಮೇಷ್ಟ್ರೇ ನಿದ್ದೆ ಹೋಗಿರ್ತಾರೆ!”

ದೆವ್ವ ಈಗ ಕಿರುಚಬೇಕಿತ್ತು. ಬುನ್‌ಲೂಆ ಮೈಕನ್ನು ತುಟಿಗೆ ತಾಗುವಷ್ಟು ಹತ್ತಿರ ಎಳೆದುಕೊಂಡು, ಗದ್ದೆಯಿಂದ ಮರಳಿದ ಗಂಡನನ್ನು ಕೇಳುವಂತೆ, ಮೆಲ್ಲನೆಯ ಹೆಣ್ಣುದನಿಯಲ್ಲಿ ಕೇಳಿದ: “ಊಟ ಆಯ್ತಾ?”

ಆ ದನಿ ಒಲೆಯ ಹೊಗೆಯಂತೆ ಬಯಲಿನ ಮೇಲೆ ತೇಲಿತು. ಕೊಡವುತ್ತಿದ್ದ ಚಾಪೆಗಳು ಕೈಯಲ್ಲೇ ಉಳಿದವು. ವರ್ಷದ ಹಿಂದೆ ಹೆಂಡತಿಯನ್ನು ಕಳೆದುಕೊಂಡಿದ್ದ ಮುದುಕ ಖಾಮ್‌ಪನ್ ಮುಂದಿನ ಸಾಲಿನಿಂದ ಪರದೆಗೆ ಉತ್ತರ ಕೊಟ್ಟ: “ಇನ್ನೂ ಇಲ್ಲ ಕಣೇ. ಅನ್ನ ಬೇಯಿಸೋದು ನಂಗಿನ್ನೂ ಬರ್ತಿಲ್ಲ.”

ಯಾರೂ ನಗಲಿಲ್ಲ. ಎದ್ದವರು ಒಬ್ಬೊಬ್ಬರಾಗಿ ಕುಳಿತರು.

ಚಿತ್ರ ಮುಗಿದ ಮೇಲೆ ರತ್ತಿಕಾ, “ಇದನ್ನ ಯಾವ ಪ್ರಕಾರ ಅಂತ ಬರೀಲಿ, ಮಾವ?” ಎಂದಳು.

ಬುನ್‌ಲೂಆ ಪರದೆ ಮಡಿಸಿ, ತಂತಿ ಸುತ್ತಿ, “ಮುಂದಿನೂರಲ್ಲೂ ಜನ ದೆವ್ವಕ್ಕೆ ಉತ್ತರ ಕೊಡ್ತಾರಾ ನೋಡ್ಕೊಂಡು ಬರಿ, ಗಾಡಿ ಹತ್ತು,” ಎಂದು ವ್ಯಾನು ಹೊರಡಿಸಿದ.