ಬೀಜಕ್ಕೆ ಬಿಟ್ಟ ಬಳ್ಳಿ

ಕಾವಲಿಯ ಮೇಲಿನ ದೋಸೆ ಏಳುವ ಮೊದಲೇ ಹಿತ್ತಲಿನಿಂದ ಲಕ್ಕಿಯ ಕೂಗು ಕೇಳಿತು. ಮನೆಮನೆಗೆ ಹರಿವೆ, ಬಸಲೆ ತಂದು ಮಾರುವವಳು ಅವಳು.

“ಅಮ್ಮಾ, ಬೇಗ ಬನ್ನಿ! ನಿಮ್ಮ ಮಗಳು ಬಳ್ಳಿ ಬೋಳಿಸ್ತದೆ!”

ವಿನುತಾ ಒಲೆ ಆರಿಸಿ, ಸೊಂಟಕ್ಕೆ ಕೈಕೊಟ್ಟುಕೊಂಡು ಹೊರಬಂದಳು. ಏಳು ತಿಂಗಳ ಬಸುರಿ. ಬೇಗ ಬರುವ ಮಾತೆಲ್ಲಿ. ಬಾವಿಕಟ್ಟೆಯ ಪಕ್ಕ ಏಳು ವರ್ಷದ ಚಂದನಾ ನಿಂತಿದ್ದಳು. ಲಂಗದ ಮಡಿಲ ತುಂಬ ಸ್ವೀಟ್ ಪೀ ಹೂಬಳ್ಳಿಯ ಎಳೆಗಾಯಿ.

ದೀಪಾವಳಿ ಮುಗಿದ ವಾರ ಬೆಳಗಾವಿಯ ನಾದಿನಿ ಕೊಟ್ಟ ಬೀಜ ಅದು. ಕುಮಟೆಯ ಸೆಕೆಗೆ ಏಳುವುದೇ ಇಲ್ಲ ಎಂದಿದ್ದರು ಎಲ್ಲರೂ. ಸಂಕ್ರಾಂತಿಗೆ ಗೇಣುದ್ದದ ಒಂದೊಂದು ತೊಟ್ಟಿಗೂ ನಾಲ್ಕು ಹೂ. ತಾಯಿ ಮಗಳು ಕೊಯ್ದಷ್ಟೂ ಬಿಟ್ಟವು. ಶಿವರಾತ್ರಿ ಹೊತ್ತಿಗೆ ತೊಟ್ಟು ಗಿಡ್ಡವಾಯಿತು, ಹೂ ಎರಡಕ್ಕಿಳಿಯಿತು. ಬರುವ ವರ್ಷದ ಬೀಜಕ್ಕಾಗಲಿ ಎಂದು ವಿನುತಾ ಕೊಯ್ಯುವುದನ್ನು ನಿಲ್ಲಿಸಿದ್ದಳು. ಈಗ ಬಳ್ಳಿಯ ತುಂಬ ಕಾಯಿ. ಅಲ್ಲೊಂದು ಇಲ್ಲೊಂದು ಬಣ್ಣಗೆಟ್ಟ ಹೂ.

“ಪಲ್ಯಕ್ಕೂ ಬಾರದ ಕಾಯಿ, ಬಲಿಯೂಕಾದ್ರೂ ಬಿಡ್ಬಾರ್ದಾ? ನಂಗೂ ನಾಲ್ಕು ಬೀಜ ಬೇಕು ಹೇಳಿಟ್ಟಿದ್ದೆ. ಬಾಲ ಒಂದಿಲ್ಲ ಇದಕ್ಕೆ!” ಎಂದು ಗೊಣಗಿದ ಲಕ್ಕಿ, ವಿನುತಾಳನ್ನು ಕಂಡು ಹಣೆ ಚಚ್ಚಿಕೊಂಡಳು. “ನೀವೆಂತ ಅಮ್ಮಾ, ಹೊಟ್ಟೆ ಒಂದು ಬಿಟ್ರೆ ಮೈಮೇಲೆ ಎಂತ ಉಳಿದದೆ? ಬಳೆ ಮೊಣಕೈಗೆ ಜಾರ್ತದೆ.”

ಚಂದನಾ ತಾಯಿಯ ಬಳೆಗಳನ್ನೇ ನೋಡಿದಳು.

ವಿನುತಾ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಮಗಳನ್ನು ಹತ್ತಿರಕ್ಕೆ ಎಳೆದುಕೊಂಡಳು. ಬೈಯಲು ಬಾಯಿ ಬರಲಿಲ್ಲ. “ಎಂತಕ್ಕೆ ಕಿತ್ತೆ ಮಗಾ?”

“ನಿನ್ನೆ ನೀನೇ ಹೇಳಿದ್ಯಲ. ಕಾಯಿ ಬಂದ್ಮೇಲೆ ಬಳ್ಳಿ ಜೀವ ಎಲ್ಲ ಕಾಯಿಗೇ ಹೋಗ್ತದೆ, ಹೂ ಬಿಡೂಕೆ ಶಕ್ತಿ ಇರೂದಿಲ್ಲ. ಬೀಜ ಬಲಿತ್ರೆ ಬಳ್ಳಿ ಒಣಗ್ತದೆ ಅಂದೆ.”

“ಹೌದು. ಅದರ ಆಯುಷ್ಯ ಅಷ್ಟೇಯ.”

“ಕಾಯಿ ಕಿತ್ರೆ ಒಣಗೂದಿಲ್ಲ, ಅಲ್ದಾ?”

“ನಾಲ್ಕು ದಿನ ತಡೀತದೆ. ಆತು, ಬಿಡು. ದೋಸೆ ಆರ್ತದೆ, ನಡೆ.”

ಚಂದನಾ ಕದಲಲಿಲ್ಲ. ದಿನಾ ತಾಯಿಯ ಹೊಟ್ಟೆಗೆ ಕಿವಿಯಿಟ್ಟು ಕೂರುತ್ತಿದ್ದವಳು, ಈಗ ಕೈ ಚಾಚಿದರೂ ಮುಟ್ಟದೆ ಹಿಂದಕ್ಕೆಳೆದುಕೊಂಡಳು. ಮಡಿಲಿನ ಕಾಯಿಗಳು ಕಲ್ಲಿನ ಮೇಲೆ ಚೆಲ್ಲಿದವು.

“ಆಯಿ, ಪಾಪು ಹುಟ್ಟಿದ್ಮೇಲೆ ನೀನೂ ಒಣಗಿ ಹೋಗ್ತ್ಯಾ?”