ಎಲ್ಲರೂ ಮೇಷ್ಟ್ರೇ

ಹಿಂದಿನ ಸಾಲಿನ ಹೆಂಗಸು ಮತ್ತೆ ಏನೋ ಬರೆದುಕೊಂಡರು.

ಗಿಲ್ಸು ಓರೆಗಣ್ಣಲ್ಲಿ ನೋಡಿದ. ಅವನು ಗೋಡೆಗೆ ವಾಲ್‌ಪೇಪರ್ ಅಂಟಿಸಿ ತೋರಿಸುವಷ್ಟು ಹೊತ್ತೂ ಆಕೆಯ ಪೆನ್ನು ಸುಮ್ಮನಿತ್ತು. ಬಾಯಿ ತೆರೆದನೋ ಇಲ್ಲವೋ, ಸರಸರ ಓಡಿತು. ಕೈ ಬಿಟ್ಟು ಬಾಯಿ ನೋಡುವ ವಿದ್ಯಾರ್ಥಿಯನ್ನು ಅವನು ಈವರೆಗೆ ಕಂಡಿರಲಿಲ್ಲ. ಕಾಣುವುದಾದರೂ ಎಲ್ಲಿಂದ, ಇದು ಅವನ ಮೊದಲನೇ ಬ್ಯಾಚು.

ಮಾಸಾನ್ ಎಂಬ ಬಂದರು ಊರಿನ ಆ ತರಬೇತಿ ಕೇಂದ್ರದಲ್ಲಿ ಸರ್ಕಾರದ ಖರ್ಚಿನಲ್ಲಿ ನಾಲ್ಕು ವಾರ ವಾಲ್‌ಪೇಪರ್ ಕೆಲಸ ಕಲಿಸುತ್ತಿದ್ದರು. ಕಲಿಯಲು ಬಂದವರು ಹದಿನಾಲ್ಕು ಮಂದಿ. ಹಡಗು ಕಟ್ಟುವ ಕಂಪನಿಯ ಫೋರ್‌ಮನ್, ಕೋಳಿ ಹುರಿಯುವ ಅಂಗಡಿ ಮುಚ್ಚಿದ ಗಂಡ ಹೆಂಡತಿ, ಐವತ್ತಕ್ಕೇ ಬ್ಯಾಂಕಿನವರು ಮನೆಗೆ ಕಳಿಸಿದ ಯಾಂಗ್, ಹೀಗೆ. ಅಲ್ಲಿ ಎಲ್ಲರೂ ಎಲ್ಲರಿಗೂ ಮೇಷ್ಟ್ರೇ. ಇನ್ನೇನಂತ ಕರೆಯುವುದು ಹೇಳಿ? ಹೋದ ಕೆಲಸ ನೆನೆದು ಮ್ಯಾನೇಜರೇ ಅಂದರೆ ಗಾಯದ ಮೇಲೆ ಉಪ್ಪು. ಅಜ್ಜಿ ಅಂದರೆ ಅಂಟಿನ ಬ್ರಷ್ಷು ಮುಖಕ್ಕೇ ಬರುತ್ತದೆ. ಹಾಗಾಗಿ ಮೇಷ್ಟ್ರೇ, ಆ ಏಣಿ ಈ ಕಡೆ ಕೊಡಿ. ಮೇಷ್ಟ್ರೇ, ಕಾಫಿ ಕುಡಿಯೋಣ್ವಾ. ಈ ಗದ್ದಲದಲ್ಲಿ ನಿಜವಾದ ಮೇಷ್ಟ್ರು ಗಿಲ್ಸು ಯಾವ ಮೂಲೆಯಲ್ಲಿದ್ದಾನೆ ಅಂತ ಹುಡುಕಬೇಕಾಗುತ್ತಿತ್ತು.

ಅವನ ಕರಾರು ಈ ಒಂದು ಬ್ಯಾಚಿಗಷ್ಟೇ. ಎಲ್ಲರೂ ಪಾಸಾಗಬೇಕು, ಸರ್ಕಾರದ ತಪಾಸಣೆಯವರ ಬಾಯಿಗೆ ಬೀಳಬಾರದು, ಆಗಲೇ ಮುಂದಿನದು. ಇಲ್ಲವಾದರೆ ಊರೂರು ಅಲೆಯುವ ಹಳೇ ತಂಡಕ್ಕೆ ವಾಪಸು, ಮಗಳ ಮುಖ ತಿಂಗಳಿಗೆ ಎರಡು ಸಲ. ಹದಿನೆಂಟು ವರ್ಷ ಗೋಡೆಗಳ ಜೊತೆ ಬಾಳಿದ ಮನುಷ್ಯ, ಜನರ ಮುಂದೆ ನಾಲಿಗೆಯೇ ಹೊರಳುತ್ತಿರಲಿಲ್ಲ.

"ಮೇಷ್ಟ್ರೇ, ಪಾಠ ಯಾರಿಗೆ? ನಮಗೋ ಗೋಡೆಗೋ?" ಅಂತ ಯಾಂಗ್ ಮೊದಲ ದಿನವೇ ಕೇಳಿಬಿಟ್ಟಿದ್ದ.

ಅಂಥದ್ದರಲ್ಲಿ ಹಿಂದಿನ ಸಾಲಿನ ಈ ಹೆಂಗಸು, ಮೆಂಗ್ ಒಕ್ಸುನ್. ವಯಸ್ಸು ಅರವತ್ತರ ಮೇಲೆ, ಎಡ ಮಂಡಿಗೆ ಪಟ್ಟಿ. ಸೇರಿದ ದಿನ ತುಂಬಿದ ಫಾರಮ್ಮೂ ಅಡ್ಡಾದಿಡ್ಡಿ. ಯಾವ ಕೆಲಸ ಕಲಿಯಬೇಕು ಅನ್ನುವ ಕಡೆ 'ಮೇಷ್ಟ್ರು' ಅಂತ ಬರೆದು ಬಿಟ್ಟಿದ್ದರು. ಪಾಪ, ಪತ್ರ ಬರೆಯುವ ಹಾಗೆ ಮರ್ಯಾದೆಯಿಂದ ಶುರು ಮಾಡಿ ಉಳಿದದ್ದು ಮರೆತಿದ್ದಾರೆ ಅಂದುಕೊಂಡು, ಗಿಲ್ಸು ತಾನೇ ಅದನ್ನು ಹೊಡೆದು 'ವಾಲ್‌ಪೇಪರ್' ಅಂತ ತಿದ್ದಿದ್ದ.

ಅವರ ಕೆಲಸವೋ, ದೇವರಿಗೇ ಪ್ರೀತಿ. ಸೋಮವಾರ ಗುಳ್ಳೆ ಏಳಬಾರದು ಅಂದರೆ ಮಂಗಳವಾರ ಅವರ ಹಾಳೆಯ ತುಂಬ ಗುಳ್ಳೆ. ಬುಧವಾರ ಮೂಲೆಯ ಪಾಠವಾದರೆ ಗುರುವಾರ ಮೂಲೆ ಬಾಯಿಬಿಟ್ಟಿರುತ್ತಿತ್ತು.

"ಮೇಷ್ಟ್ರೇ, ಇದ್ಯಾಕೆ ಹಿಂಗಾಯ್ತು?"

ಗಿಲ್ಸು ಹೇಳಿದ.

"ತಲೆಗೆ ಹೋಗ್ಲಿಲ್ಲ. ಬೇರೆ ಥರ ಹೇಳಿ."

ಬೇರೆ ಥರ ಹೇಳಿದ. ಅದೂ ಹೋಗಲಿಲ್ಲವಂತೆ. ಮೂರನೇ ಸಲ ಅವನಿಗೆ ರೇಗಿತು. "ಮಗು ಮಲಗಿದ ಮೇಲೆ ಹೊದಿಕೆ ಹೇಗೆ ಸರಿ ಮಾಡ್ತೀರಿ? ನಡುವಿಂದ ಅಂಚಿಗೆ, ಮೆಲ್ಲಗೆ. ಅಷ್ಟೇ ಕಣ್ರೀ!"

ಇಡೀ ಕ್ಲಾಸು ಹೋ ಅಂದಿತು. ಅವತ್ತು ಯಾಂಗ್‌ನ ಗೋಡೆಯಲ್ಲೂ ಒಂದೂ ಗುಳ್ಳೆಯಿಲ್ಲ. ಒಕ್ಸುನ್ ಬರೆದುಕೊಂಡರು.

ಎರಡನೇ ವಾರ ಇನ್ನೊಂದು ಕಣ್ಣಿಗೆ ಬಿತ್ತು. ಆಕೆ ಯಾರೊಂದಿಗೋ ಮಾತಾಡುತ್ತಲೇ, ನೋಡದೆ, ಕಟ್ಟರಿನ ಬ್ಲೇಡಿನ ಮೊಂಡಾದ ತುದಿಯನ್ನು ಲಟಕ್ಕನೆ ಮುರಿದು ಜೇಬಿನ ಡಬ್ಬಿಗೆ ಹಾಕಿದರು. ಹೊಸದಾಗಿ ಕಲಿಯುವವರ ಕೈಗೆ ಅದು ಬರುವಂಥದ್ದಲ್ಲ. ಗಿಲ್ಸು ಅದನ್ನು ಕಾಫಿ ಮೆಷಿನ್ನಿನ ಹತ್ತಿರ ಯಾಂಗ್‌ನ ಕಿವಿಗೆ ಹಾಕಿದ.

"ತಪಾಸಣೆಯವರೇ, ಅನುಮಾನ ಬೇಡ," ಅಂದ ಯಾಂಗ್. "ನಮ್ಮ ಬ್ಯಾಂಕಿಗೂ ಹಿಂಗೇ ಬರ್ತಿದ್ರು. ಪೆದ್ದರ ಥರ ಕೂತಿರ್ತಾರೆ, ಹೋಗುವಾಗ ಕತ್ತು ಕುಯ್ದು ಹೋಗ್ತಾರೆ."

ಅಂದಿನಿಂದ ಗಿಲ್ಸು ಪಾಠವನ್ನು ಬಸ್ಸಿನಲ್ಲೇ ಬಾಯಿಪಾಠ ಮಾಡಿಕೊಂಡು ಬರತೊಡಗಿದ. ಜನರ ಮುಖ ನೋಡಿ ಮಾತಾಡಿದ. ಒಂದೆರಡು ಜೋಕೂ ಹೊಡೆದ. ಭಯಕ್ಕೆ ಏನೆಲ್ಲ ಬರುತ್ತದೆ ನೋಡಿ.

ಕೊನೆಯ ದಿನ ಪರೀಕ್ಷೆ. ತಲೆಗೊಂದು ಗೋಡೆ, ಮೂರು ಗಂಟೆ ಸಮಯ. ಒಂದೂವರೆ ಗಂಟೆಯಲ್ಲೇ ಒಕ್ಸುನ್ ಮುಗಿಸಿ ಕೈ ತೊಳೆದುಕೊಂಡರು. ಗಿಲ್ಸು ಹೋಗಿ ಬೆರಳಾಡಿಸಿದ. ಎರಡು ಹಾಳೆ ಎಲ್ಲಿ ಸೇರಿವೆ ಅಂತ ಅವನ ಬೆರಳಿಗೇ ಸಿಗಲಿಲ್ಲ. ಮೂಲೆ ಕತ್ತಿಯಲ್ಲಿ ಕೊರೆದ ಹಾಗಿತ್ತು. ಯಾಂಗ್ ಹೇಳಿದ್ದೇ ನಿಜ, ತಪಾಸಣೆಯವರೇ ಅಂದುಕೊಂಡ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಇಲ್ಲಿ ಯಾರೂ ಏನೂ ಅಂದಿರಲಿಲ್ಲ, ಗಿಲ್ಸುವೇ ಶುರುಮಾಡಿದ. "ಮೇಡಂ, ನಾನೇ ಒಪ್ಕೋತೀನಿ. ಯಾಂಗ್ ಒಂದಿನ ಹತ್ತು ನಿಮಿಷ ತಡ, ನಾನು ಅದನ್ನ ಹಾಜರಿಯಲ್ಲಿ ಹಾಕ್ಲಿಲ್ಲ. ಒಂದು ರೋಲು ನಾನೇ ಹಾಳು ಮಾಡಿ, ನೀವು ಮಾಡಿದ್ದು ಅಂದೆ."

"ಅದು ಗೊತ್ತಿತ್ತು."

"ಬರೆದಿದ್ದೀರಾ?"

ಒಕ್ಸುನ್ ನೋಟ್‌ಬುಕ್ಕನ್ನೇ ಅವನ ಕೈಗಿಟ್ಟರು. ಅವನು ತೆರೆದ. ಮೊದಲ ದಿನ: ಗೋಡೆಗೆ ಪಾಠ. ನನ್ನ ಗತಿಯೂ ಇದೇ. ಆರನೇ ದಿನ: ಮಗುವಿನ ಹೊದಿಕೆ. ಇದನ್ನು ಕದಿಯಬೇಕು. ಹದಿಮೂರನೇ ದಿನ: ಬೇಕಂತಲೇ ಎಷ್ಟು ಪೆದ್ದು ಪ್ರಶ್ನೆ ಕೇಳಿದರೂ ಇವತ್ತು ರೇಗಲಿಲ್ಲ. ಇದು ನನ್ನಿಂದ ಆದೀತೇ?

"ಇದೇ ವಾಲ್‌ಪೇಪರ್ ಕೆಲಸಕ್ಕೆ ಮೂವತ್ತೊಂದು ವರ್ಷ ಏಣಿ ಹತ್ತಿದೆ. ಈಗ ಮಂಡಿ ಒಲ್ಲೆ ಅಂತಿದೆ," ಅಂದರು ಒಕ್ಸುನ್. "ಮುಂದಿನ ತಿಂಗಳಿಂದ ಇಲ್ಲಿ ಎರಡು ಬ್ಯಾಚು. ಬೆಳಗಿನದು ನಿಮಗೇ, ನಿನ್ನೆ ಡೈರೆಕ್ಟರ ಹತ್ರ ಜಗಳ ಆಡಿ ಹೇಳಿ ಬಂದಿದ್ದೀನಿ. ಮಧ್ಯಾಹ್ನದ್ದು ನನಗೆ."

ಗಿಲ್ಸು ನೋಟ್‌ಬುಕ್ಕು ಮುಚ್ಚಿ ವಾಪಸು ಕೊಟ್ಟ. "ಮೊದಲೇ ಒಂದು ಮಾತು ಹೇಳಬಾರದಿತ್ತಾ?"

"ಹೇಳದೆ ಏನು? ಏನು ಕಲಿಯೋಕೆ ಬಂದಿದ್ದೀನಿ ಅಂತ ಫಾರಮ್ಮಲ್ಲಿ ಸರಿಯಾಗೇ ಬರೆದಿದ್ದೆ. ಹೊಡೆದು ಹಾಕಿದ್ದು ನೀವು, ಮೇಷ್ಟ್ರೇ."