ಬಿಳಿ ಕ್ಯಾನಿನ ನೀರು

ಪ್ಲಾಸ್ಟಿಕ್ ಕ್ಯಾನಿನ ವಾಸನೆ ಮೂಗಿಗೆ ಬಡಿದರೆ ನನಗೆ ಇಂದಿಗೂ ಆ ಮಧ್ಯಾಹ್ನ ನೆನಪಾಗುತ್ತದೆ.

ಅಪ್ಪನಿಗೆ ಬೈಕಂಪಾಡಿಯ ಕಾರ್ಖಾನೆಯೊಂದರಲ್ಲಿ ಕೆಲಸ. ನಾವು ಬುತ್ತಿ ಕಟ್ಟಿಕೊಂಡು ಸಮುದ್ರ ತೀರಕ್ಕೆ ಹೊರಟ ಭಾನುವಾರ, ಕಾರ್ಖಾನೆಯಿಂದ ತಂದಿದ್ದ ಬಿಳಿ ಕ್ಯಾನಿನಲ್ಲಿ ಅವನು ಕುಡಿಯುವ ನೀರು ತುಂಬಿಸಿದ.

“ಇದರಲ್ಲಿ ಮೊದಲು ಎಂತ ಇತ್ತು?” ಅಮ್ಮ ಕೇಳಿದಳು.

“ಸಾಬೂನು ಹಾಕಿ ತಿಕ್ಕಿ ತೊಳ್ದಿದ್ದೇನೆ ಮಾರಾಯ್ತಿ, ಎಂತ ಆಗುದಿಲ್ಲ.”

ಬಿಸಿ ಮರಳಿನಲ್ಲಿ ಆಡಿ ಬಾಯಾರಿದ್ದ ತಂಗಿ ಎಲ್ಲರಿಗಿಂತ ಮೊದಲು ಓಡಿ ಬಂದಳು. ಅಪ್ಪ ಕ್ಯಾನನ್ನು ಬಗ್ಗಿಸಿ ಲೋಟ ತುಂಬಿಸಿಕೊಟ್ಟ. ಅವಳು ಗಟಗಟನೆ ಕುಡಿದು ಮುಖ ಕಿವುಚಿದಳು.

“ಅಪ್ಪಾ, ನೀರು ಕಹಿ ಉಂಟು.”

ಸ್ವಲ್ಪ ಹೊತ್ತಿನಲ್ಲೇ ವಾಂತಿ ಶುರುವಾಯಿತು. ರಿಕ್ಷಾದಲ್ಲಿ ಅಮ್ಮನ ಮಡಿಲಲ್ಲಿ ಮಲಗಿದ್ದ ಅವಳ ಪಾದಗಳನ್ನು ನಾನು ಹಿಡಿದುಕೊಂಡಿದ್ದೆ, ಅವು ತಣ್ಣಗಾಗುತ್ತಿದ್ದವು. ಆಸ್ಪತ್ರೆಯಲ್ಲಿ ಅವಳು ಉಳಿಯಲಿಲ್ಲ. ಕ್ಯಾನಿನ ಟೊಳ್ಳು ಹಿಡಿಯೊಳಗೆ ಹಳೆಯ ಕೆಮಿಕಲ್ ಉಳಿದಿತ್ತೆಂದು ಆಮೇಲೆ ಗೊತ್ತಾಯಿತು.

ಮುಂದೆ ಎಲ್ಲಿಗೆ ಹೊರಟರೂ ಕುದಿಸಿ ಆರಿಸಿದ ನೀರನ್ನು ಅಮ್ಮನೇ ಸ್ಟೀಲಿನ ಪಾತ್ರೆಗೆ ತುಂಬಿಸುತ್ತಿದ್ದಳು. ನಾನು ನೀರು ಕೇಳಿದರೆ ಅಪ್ಪ ಮೊದಲು ತಾನು ಒಂದು ಲೋಟ ಕುಡಿದು, ಕಣ್ಣು ಮುಚ್ಚಿ ಕೂತಿರುತ್ತಿದ್ದ.

“ಸ್ವಲ್ಪ ನಿಲ್ಲು ಮಗಾ,” ಎನ್ನುತ್ತಿದ್ದ. “ಈಗ ಕೊಡ್ತೇನೆ.”